ಡ್ರಮ್ಮಿಲ್ಲದ ಪ್ಲೇಟು

ನಾನು ಒಂದು ಗ್ರಾಮಫೋನ್ ಪ್ಲೇಟು. ಬಣ್ಣ ಕಪ್ಪು, ಅಗಲ ಒಂದು ಅಡಿ, ಹೊಟ್ಟೆಯ ನಡುವೆ ಒಂದು ತೂತು. ಮುಳ್ಳು ತಾಗಿದರೆ ಮಾತ್ರ ಮಾತನಾಡುವ ಜಾತಿ ನಮ್ಮದು. ದೂರದ ಊರಿನ ಒಂದು ಕಾರ್ಖಾನೆಯಲ್ಲಿ ಬಿಸಿಯಾದ ಕರಿ ಮುದ್ದೆಯೊಂದನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರು. ಅರೆನಿಮಿಷದಲ್ಲಿ ನಾನು ಒಬ್ಬಟ್ಟಿನಂತೆ ಚಪ್ಪಟೆಯಾಗಿ ಹೊರಬಿದ್ದೆ. ಮನುಷ್ಯರು ಹುಟ್ಟಿದ ಮೇಲೆ ನೆನಪುಗಳನ್ನು ಕೂಡಿಹಾಕುತ್ತಾರೆ. ನಾನು ನೆನಪನ್ನು ಹೊತ್ತುಕೊಂಡೇ ಹುಟ್ಟಿದೆ. ನನ್ನ ಮೈಮೇಲಿನ ಗೆರೆಗಳಲ್ಲಿ ಮೈಸೂರಿನ ಒಂದು ಸಂಜೆ ಆಗಲೇ ಮಲಗಿತ್ತು.

ಆ ಸಂಜೆಯನ್ನು ಹೇಳುವ ಮೊದಲು ಚೆಲುವರಾಜುವಿನ ವಿಷಯ ಹೇಳಬೇಕು. ಅವನು ಮದುವೆ ಬ್ಯಾಂಡಿನಲ್ಲಿ ಸೈಡ್ ಡ್ರಮ್ಮು ಬಾರಿಸುತ್ತಿದ್ದ. ಅದೇ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ ಲಾಜರ್ ಅವನ ಜೀವದ ಗೆಳೆಯ. ಮದುಮಗನ ಕುದುರೆಯ ಮುಂದೆ ಅವೇ ಹತ್ತು ಸಿನಿಮಾ ಹಾಡುಗಳನ್ನು ನುಡಿಸಿ ನುಡಿಸಿ ಇಬ್ಬರಿಗೂ ನಾಲಿಗೆ ಸಪ್ಪೆಯಾಗಿತ್ತು. ಊರು ಬಿಟ್ಟುಹೋದ ಒಬ್ಬ ವಿದೇಶಿ ಪ್ರೊಫೆಸರ್ ಲಾಜರನಿಗೆ ಒಂದು ಪೆಟ್ಟಿಗೆ ಪ್ಲೇಟುಗಳನ್ನು ಕೊಟ್ಟುಹೋಗಿದ್ದರು. ಅವುಗಳಲ್ಲಿ ಫ್ರೀ ಜಾಝ್ ಇತ್ತು. ಅದರಲ್ಲಿ ಮೊದಲೇ ಗೊತ್ತುಮಾಡಿಕೊಂಡ ರಾಗವಿಲ್ಲ, ಎಣಿಸಿಕೊಂಡ ತಾಳವೂ ಇಲ್ಲ. ಒಬ್ಬ ನುಡಿಸಿದ್ದನ್ನು ಇನ್ನೊಬ್ಬ ಕಿವಿಗೊಟ್ಟು ಕೇಳಿ ಉತ್ತರ ಕೊಡುತ್ತಾ ಹೋಗಬೇಕು, ಅಷ್ಟೆ. ಗೆಳೆಯರಿಬ್ಬರೂ ಅದಕ್ಕೆ ಮರುಳಾದರು. ಭಾನುವಾರ ಬಂದರೆ ಚೆಲುವರಾಜು ಡ್ರಮ್ಮು ಹೆಗಲಿಗೇರಿಸಿ ಲಷ್ಕರ್ ಮೊಹಲ್ಲದ ಲಾಜರನ ಮನೆಗೆ ಓಡುತ್ತಿದ್ದ. ಬ್ಯಾಂಡಿನ ಇನ್ನೂ ಮೂವರು ಬಂದು ಸೇರಿಕೊಳ್ಳುತ್ತಿದ್ದರು.

ಇದು ಅವನ ಹೆಂಡತಿ ಪುಟ್ಟನಂಜಮ್ಮನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಮದುವೆಗಳು ಬರುವುದೇ ಭಾನುವಾರ, ಆ ದಿನವೇ ಗಂಡ ಕೆಲಸ ಬಿಟ್ಟು ಹೋಗುತ್ತಿದ್ದ. ವಾರವೆಲ್ಲ ಮನೆಯಲ್ಲಿ ಅವನು ಅದನ್ನೇ ಬಾರಿಸಿಕೊಳ್ಳುವುದು ಬೇಡವೆಂದರೂ ಆಕೆಯ ಕಿವಿಗೆ ಬೀಳುತ್ತಿತ್ತು. ಭಾನುವಾರದ ಆ ಗಲಾಟೆಯನ್ನು ಒಂದು ದಿನವಾದರೂ ಬಂದು ಕೇಳು ಎಂದು ಅವನು ಎಷ್ಟು ಕರೆದರೂ ಆಕೆ ಹೋಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹೊಸಿಲಲ್ಲೇ ನಿಂತು ಅಂದುಬಿಟ್ಟಳು: “ತಾಳ ಇಲ್ದೋರ್ ಜೊತೆ ಸೇರ್ಕೊಂಡು ನಿಮ್ಗೂ ತಾಳ ತಪ್ಪೋಯ್ತು. ಆ ಡ್ರಮ್ಮು ತಕ್ಕೊಂಡು ಅಲ್ಲೇ ಇದ್ಬುಡಿ. ಮನೆಗ್ ಬರ್ಬೇಡಿ.”

ಅವನು ನಗುತ್ತಾ ಹೋದ. ಲಾಜರನ ಮನೆಯಲ್ಲಿ ಬಾರಿಸುತ್ತಾ ಬಾರಿಸುತ್ತಾ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಹನ್ನೊಂದನೆಯ ದಿನ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ. ಅವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನೆಂಟರು ಮಾತನಾಡಿಕೊಂಡರು. ಏನು ಉಳಿದಿದೆ ಎಂಬುದು ಪುಟ್ಟನಂಜಮ್ಮನಿಗೆ ಮಾತ್ರ ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ.

ವರ್ಷ ತುಂಬುವಾಗ ಲಾಜರ್ ಗೆಳೆಯನ ನೆನಪಿಗೆ ಒಂದು ಕಛೇರಿ ಇಟ್ಟು ಅದನ್ನು ಪ್ಲೇಟು ಮಾಡಿಸಬೇಕೆಂದು ಹೊರಟ. ಡ್ರಮ್ಮಿಗೆ ಯಾರು ಎಂಬ ಪ್ರಶ್ನೆ ಬಂದಾಗ ಯಾರೂ ಬೇಡ ಎಂದೇ ತೀರ್ಮಾನವಾಯಿತು. ಡ್ರಮ್ಮು ವೇದಿಕೆಯ ನಡುವೆ ಇರುತ್ತದೆ. ಚೆಲುವರಾಜು ಎಲ್ಲೆಲ್ಲಿ ಬಾರಿಸುತ್ತಿದ್ದನೋ ಅಲ್ಲೆಲ್ಲ ಅವನ ಜಾಗ ಬಿಟ್ಟು ಉಳಿದವರು ನುಡಿಸುತ್ತಾರೆ. ಡ್ರಮ್ಮು ಕೇಳಲು ಹೋದಾಗ ಪುಟ್ಟನಂಜಮ್ಮ ಕೊಡುತ್ತೇನೆಂದಳು. ಆದರೆ ತಿಥಿ ಎಂದ ಮೇಲೆ ಎಡೆ ಇಡಬೇಕು, ಎಡೆ ಇಟ್ಟು ಬಾಗಿಲು ಹಾಕಬೇಕು, ಇದು ಆಕೆಯ ಷರತ್ತು. ಆ ಕಡೆಯ ಪದ್ಧತಿ ಅದು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಕಾಯುತ್ತಾರೆ. ಯಾರೂ ಇಲ್ಲದಾಗ ಅವರು ಬಂದು ಉಂಡುಹೋಗುತ್ತಾರಂತೆ. ಲಾಜರ್ ಚರ್ಚಿಗೆ ಹೋಗುವವನು, ಆದರೂ ಮರುಮಾತಿಲ್ಲದೆ ಒಪ್ಪಿದ.

ಹೀಗೆ ನಾಟಕ ಕಂಪನಿಯೊಂದು ಬಿಟ್ಟುಹೋದ ಹಳೆಯ ಸಭಾಂಗಣದಲ್ಲಿ ನನ್ನ ಸಂಜೆ ಶುರುವಾಯಿತು. ಮೊದಲ ಭಾಗದಲ್ಲಿ ನಾಲ್ವರು ಇಪ್ಪತ್ತೆರಡು ನಿಮಿಷ ನುಡಿಸಿದರು. ಪುಟ್ಟನಂಜಮ್ಮ ಅದನ್ನು ಕೇಳಲಿಲ್ಲ. ಜಗುಲಿಯ ಆಚೆ, ಬೀದಿ ನಲ್ಲಿಯ ಹತ್ತಿರ ಹೋಗಿ ಎಲೆ ತೊಳೆಯುತ್ತಾ ಕುಳಿತಿದ್ದಳು. ಆಮೇಲೆ ಒಳಗೆ ಬಂದು ಡ್ರಮ್ಮಿನ ಎದುರು ಮುದ್ದೆ, ಮಟನ್ ಸಾರು ಬಡಿಸಿ ಒಂದು ಕಟ್ಟು ಬೀಡಿ ಇಟ್ಟಳು. ಎಲ್ಲರೂ ಹೊರಗೆ ನಡೆದರು. ರೆಕಾರ್ಡಿಂಗ್ ಮಾಡಲು ಬಂದಿದ್ದ ಶೇಷಗಿರಿ ಮೆಷಿನ್ ಓಡುತ್ತಿದೆ, ನಿಲ್ಲಿಸಿ ಬರುತ್ತೇನೆ ಎನ್ನುತ್ತಿದ್ದರೂ ಒಬ್ಬ ಹಿರಿಯರು ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದರು.

ಕೊನೆಗೆ ಉಳಿದವನು ಲಾಜರ್. ಅವನು ಡ್ರಮ್ಮಿನ ಮೇಲೆ ಬಗ್ಗಿದ. ಟಕ್ ಎಂದು ಒಂದು ಸಣ್ಣ ಶಬ್ದವಾಯಿತು. ಸೈಡ್ ಡ್ರಮ್ಮಿನ ಕೆಳಗಿನ ಚರ್ಮಕ್ಕೆ ತೆಳ್ಳನೆಯ ತಂತಿಗಳಿರುತ್ತವೆ. ಪಕ್ಕದ ಒಂದು ಹಿಡಿಯನ್ನು ಮೇಲೆತ್ತಿದರೆ ತಂತಿಗಳು ಚರ್ಮಕ್ಕೆ ತಾಗುತ್ತವೆ. ಆಗ ಹತ್ತಿರದಲ್ಲಿ ಯಾರು ಏನು ನುಡಿಸಿದರೂ ಡ್ರಮ್ಮು ತಾನಾಗಿ ಜರ್ ಎಂದು ನಡುಗುತ್ತದೆ. ಲಾಜರ್ ಆ ಹಿಡಿಯನ್ನು ಎತ್ತಿ ಹೊರಗೆ ಹೋದ. ಬಾಗಿಲು ಮುಚ್ಚಿತು. ವೇದಿಕೆಯ ಹಿಂಬದಿಯ ಬಾಗಿಲಿನ ಸಂದಿಗೆ ಸ್ಯಾಕ್ಸೋಫೋನಿನ ಬಾಯಿ ಇಟ್ಟು ಮೆಲ್ಲಗೆ ಊದಲು ಶುರುಮಾಡಿದ. ಒಳಗೆ ಯಾರೂ ಇಲ್ಲ. ಬಿಸಿ ಮುದ್ದೆಯ ಹಬೆ, ಒಂದು ಮೈಕು, ಒಂದು ಡ್ರಮ್ಮು. ಬಾಗಿಲಾಚೆಯ ಆ ದನಿಗೆ ಡ್ರಮ್ಮು, ಮೊರದಲ್ಲಿ ಹೆಸರುಕಾಳು ಜಾರಿದ ಹಾಗೆ, ಜರ್ರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜರ್ರ್ ಎಂದಿತು. ಇದೇ ನನ್ನ ಎರಡನೆಯ ಮುಖ.

ನಾವು ಮುನ್ನೂರು ಜನ ಅಣ್ಣತಮ್ಮಂದಿರು ಹುಟ್ಟಿದೆವು. ಅಂಗಡಿಗಳಿಗೆ ಹೋದವರಲ್ಲಿ ಬಹಳ ಮಂದಿ ತಿರುಗಿ ಬಂದರು. ಮೊದಲ ಮುಖದಲ್ಲಿ ಹಾಡೇ ಶುರುವಾಗುವುದಿಲ್ಲ, ಎರಡನೆಯದರಲ್ಲಿ ಬಾಗಿಲು ಹಾಕಿದ ಸದ್ದು, ಮಿಕ್ಕಿದ್ದೆಲ್ಲ ಜರಜರ, ಪ್ಲೇಟೇ ಹಾಳು ಎಂದು ಕೊಂಡವರು ದೂರಿದರು. ಕೆಲವರನ್ನು ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಹೂವಿನ ಬಟ್ಟಲು ಮಾಡಿದರಂತೆ. ಪಾಪ, ಬಟ್ಟಲಾದ ಮೇಲೂ ಅವರ ಮೈಮೇಲೆ ಆ ಸಂಜೆ ಹಾಗೆಯೇ ಇತ್ತು.

ನಾನು ಪುಣ್ಯವಂತ. ನನ್ನನ್ನು ಲಾಜರ್ ತನ್ನ ಕೈಯಾರೆ ಪುಟ್ಟನಂಜಮ್ಮನಿಗೆ ಕೊಟ್ಟ. ಆಕೆಯ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಲಾಜರನ ಮನೆಯಲ್ಲೇ ಮೊದಲ ಸಲ ನನ್ನನ್ನು ಕೇಳಿದಳು. ಮೊದಲ ಮುಖ ಬೇಡ, ಎಡೆಯದು ಹಾಕಿ ಎಂದಳು. ಬಾಗಿಲು ಮುಚ್ಚಿತು, ಹೊರಗೆ ಊದುವ ದನಿ ಎದ್ದಿತು, ಒಳಗೆ ಜರ್ರ್ ಎಂದಿತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು.

“ಲಾಜರಣ್ಣ, ಇದು ನಮ್ಮೆಜಮಾನ್ರಾ?” ಎಂದು ಕೇಳಿದಳು.

ಲಾಜರ್ ನೆಲ ನೋಡಿದ. “ಹೂಂ ತಂಗ್ಯಮ್ಮ. ಅವ್ನೇ,” ಎಂದ.

ನನಗೆ ಸಿಟ್ಟೇ ಬಂತು. ಟಕ್ ಎಂಬ ಸತ್ಯ ನನ್ನ ಗೆರೆಯಲ್ಲೇ ಇತ್ತು. ಪ್ರತಿ ಸಲ ಅದನ್ನು ಸ್ಪಷ್ಟವಾಗಿಯೇ ಹೇಳುತ್ತಿದ್ದೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿದಿದ್ದೆ.

ಆಮೇಲೆ ಬಹಳ ವರ್ಷ ನಾನು ಗೋಡೆಯ ಮೇಲಿದ್ದೆ. ನನ್ನನ್ನು ಚೀಲದಿಂದ ತೆಗೆದು, ನಡುವಿನ ತೂತಿಗೆ ಮೊಳೆ ಹೊಡೆದು, ಚೆಲುವರಾಜುವಿನ ಫೋಟೋದ ಪಕ್ಕ ನೇತುಹಾಕಿದ್ದರು. ಶನಿವಾರ ಶನಿವಾರ ಕುಂಕುಮ ಇಡುತ್ತಿದ್ದರು. ಗೆರೆಗಳಿಗೆ ಅದು ಒಳ್ಳೆಯದಲ್ಲವೆಂದು ನಾನು ಯಾರಿಗೆ ಹೇಳಲಿ? ಮಧ್ಯಾಹ್ನ ಗವಾಕ್ಷಿಯಿಂದ ಬಿಸಿಲಿನ ಒಂದು ತುಂಡು ಇಳಿದು ನನ್ನ ಮೈಮೇಲೆ ನಿಧಾನವಾಗಿ ತೆವಳುತ್ತಿತ್ತು. ಆಗ ನನಗೆ ಅರೆನಿದ್ದೆ. ಬಿಸಿಲೇ ಮುಳ್ಳು, ಮನೆಯೇ ಸುತ್ತುತ್ತಿದೆ, ಎಲ್ಲೋ ಬಾಗಿಲಾಚೆ ಯಾರೋ ಊದುತ್ತಿದ್ದಾರೆ ಎಂದು ಅನಿಸುತ್ತಿತ್ತು. ಕೆಳಗೆ ಪುಟ್ಟನಂಜಮ್ಮ ಅಕ್ಕಿ ಆರಿಸುತ್ತಿದ್ದಳು. ಆಗಾಗ ತಲೆಯೆತ್ತಿ ನೋಡುತ್ತಿದ್ದಳು. ಫೋಟೋವನ್ನು ನೋಡುತ್ತಿದ್ದಳೋ ನನ್ನನ್ನೋ ಇವತ್ತಿಗೂ ತಿಳಿಯದು.

ಒಮ್ಮೆ ಮೈಕ್‌ಸೆಟ್ ಇಟ್ಟಿದ್ದ ಆಕೆಯ ತಮ್ಮ, ಕುಂಕುಮ ಇಟ್ಟುಕೊಂಡು ನೇತಾಡುವುದು ದೇವರ ನಾಮವೇ ಇರಬೇಕೆಂದು ನನ್ನನ್ನು ಒಂದು ನಾಮಕರಣಕ್ಕೆ ಒಯ್ದ. ಮೊದಲ ಮುಖ ಹಾಕಿದ. ನಾಲ್ಕು ವಾದ್ಯಗಳ ದನಿಗಳೂ ಒಟ್ಟಿಗೆ ಮೇಲೇಳುತ್ತಿದ್ದಂತೆ ಮಗು ಕಿಟಾರನೆ ಕಿರುಚಿತು. ಮೆಷಿನ್‌ಗೆ ಗಾಳಿ ಹಿಡಿದಿದೆ, ತೆಗಿ ಎಂದು ಮುದುಕಿಯೊಬ್ಬಳು ಗದರಿದಳು. ಹತ್ತು ಎಣಿಸುವುದರೊಳಗೆ ನನ್ನನ್ನು ಕೆಳಗಿಳಿಸಿದರು. ಅದು ಬಿಟ್ಟರೆ ನನ್ನ ಮೊದಲ ಮುಖ ಮುಳ್ಳನ್ನೇ ಕಾಣಲಿಲ್ಲ. ಎರಡನೆಯದು ಮಾತ್ರ ವರ್ಷಕ್ಕೊಮ್ಮೆ, ತಿಥಿಯ ಮಧ್ಯಾಹ್ನ, ಲಾಜರನ ಮನೆಯಲ್ಲಿ ಸುತ್ತುತ್ತಿತ್ತು. ಪುಟ್ಟನಂಜಮ್ಮ ನನ್ನನ್ನು ಬಟ್ಟೆಯ ಕೈಚೀಲದಲ್ಲಿಟ್ಟು ನಡೆದೇ ಬರುತ್ತಿದ್ದಳು. ಕೇಳಿ, ಕಾಫಿ ಕುಡಿದು ಹೋಗುತ್ತಿದ್ದಳು.

ಈಗ ನಾನು ಮುದುಕ. ಒಂದು ಮುಖ ಸವೆದು ಬೂದಿ ಬಣ್ಣಕ್ಕೆ ತಿರುಗಿದೆ, ಇನ್ನೊಂದು ಇನ್ನೂ ಮಿಂಚುತ್ತದೆ. ಲಾಜರನಿಗೂ ವಯಸ್ಸಾಯಿತು. ಉಸಿರು ಸಾಲದೆ ಸ್ಯಾಕ್ಸೋಫೋನನ್ನು ಪೆಟ್ಟಿಗೆಯಲ್ಲಿಟ್ಟ. ಹದಿನೆಂಟನೆಯ ವರ್ಷದ ಆ ಮಧ್ಯಾಹ್ನ ಅವನು ನನ್ನನ್ನು ಪ್ಲೇಯರ್ ಮೇಲೆ ಇಟ್ಟವನು ಮುಳ್ಳು ಇಳಿಸಲಿಲ್ಲ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಹಿಡಿಯ ವಿಷಯವನ್ನೆಲ್ಲ ಹೇಳಿಬಿಟ್ಟ. ಬಂದವನು ಚೆಲುವರಾಜು ಅಲ್ಲ, ಬರೀ ತಂತಿ, ತಾನು ಹೇಳಿದ್ದು ಸುಳ್ಳು ಎಂದ. ನಾನೂ ಬೆದರಿದೆ. ಸತ್ಯ ಬೇಕೆಂದು ಅಷ್ಟು ವರ್ಷ ಹಂಬಲಿಸಿದವನಿಗೆ, ಅದು ಬಂದಾಗ, ಬಾರದಿದ್ದರೇ ಚೆನ್ನಾಗಿತ್ತು ಅನಿಸಿತು.

ಪುಟ್ಟನಂಜಮ್ಮ ಕಾಫಿ ಲೋಟ ಕೆಳಗಿಟ್ಟಳು.

“ಅವ್ರಿದ್ದಾಗ ಇಪ್ಪತ್ತೊರ್ಸ ಆ ಡ್ರಮ್ಮು ಒರ್ಸಿಟ್ಟೋಳು ನಾನು ಲಾಜರಣ್ಣ. ರುಬ್ಬಕ್ ಕೂತ್ರೂ ಜರ್ ಅನ್ನೋದು. ಆ ಹಿಡಿ ಇಳ್ಸದೆ ನಾ ಒಂದಿನ ಮಲಗ್ಲಿಲ್ಲ. ಟಕ್ ಅಂದಿದ್ದು ನಂಗ್ ಗೊತ್ತಾಗಲ್ವಾ? ಮೊದಲ್ನೇ ಸಲಾನೇ ಗೊತ್ತಾಯ್ತು.”

ಹಾಗಿದ್ದರೆ ಆವತ್ತು ಯಾಕೆ ಕೇಳಿದಿರಿ ಎಂದ ಲಾಜರ್.

“ನೀವ್ ಏನಂತೀರಿ ನೋಡಣ ಅಂತ. ಅವ್ನೇ ಅಂದ್ರಿ. ಅವ್ರಿಗೋಸ್ಕರ ಹಂಗ್ ಸುಳ್ ಹೇಳೋರು ಇಲ್ಲಿದ್ರು, ಅದ್ಕೇ ಭಾನ್ವಾರ ಬಂದ್ರೆ ಓಡ್ಬರ್ತಿದ್ರು ಅಂತ ಆವತ್ತು ತಿಳೀತು.” ಗಂಡನಿಗೆ ಹೊಸಿಲಲ್ಲಿ ನಿಂತು ಅಂದ ಮಾತನ್ನು ಆಕೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಆಮೇಲೆ ಅಂದಳು: “ಅವ್ರು ಬಂದ್ರೋ ಇಲ್ವೋ ದೇವ್ರಿಗ್ ಗೊತ್ತು. ಕರೆದಿದ್ದು ಅವ್ರು, ಹೋಗ್ದಿದ್ದೋಳು ನಾನು. ಆ ಕಡೆ ಹಾಕಿ.”

ಲಾಜರ್ ನನ್ನನ್ನು ತಿರುವಿದ. ಅಷ್ಟು ವರ್ಷ ಮಲಗಿದ್ದ ನನ್ನ ಮೊದಲ ಮುಖ ಎಚ್ಚರವಾಯಿತು. ನಾಲ್ಕು ದನಿಗಳು ಏಳುವುದು, ಒಂದನ್ನೊಂದು ಹುಡುಕುವುದು, ಸಿಗದೆ ದೂರವಾಗುವುದು, ನಡುನಡುವೆ ಏನೂ ಇಲ್ಲದ ಸಂದುಗಳು. ಪುಟ್ಟನಂಜಮ್ಮ ಕಣ್ಣು ಮುಚ್ಚಿದ್ದಳು. ಈ ಖಾಲಿ ಜಾಗಗಳೆಲ್ಲ ಅವನವು ಎಂದು ಲಾಜರ್ ಪಿಸುಮಾತಿನಲ್ಲಿ ಹೇಳಿದ. ಒಂದು ಸಂದು ಬಂದಾಗ, ಅವನು ಇಲ್ಲಿ ಹೀಗೆ ಬಾರಿಸುತ್ತಿದ್ದ ಎಂದು ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟಿ ತೋರಿಸಿದ.

“ಅಲ್ಲಲ್ಲ,” ಎಂದಳು ಆಕೆ ಕಣ್ಣು ತೆರೆಯದೆ. ಖಾಲಿ ಲೋಟವನ್ನು ಮಡಿಲಿಗೆಳೆದುಕೊಂಡಳು. ಒಂದು ಉಸಿರಿನಷ್ಟು ತಡೆದು ಬೆರಳಿನ ಗೆಣ್ಣಿನಿಂದ ತಟ್ಟಿದಳು. “ಇಲ್ಲಿ.”

ಲಾಜರ್ ಕೈ ಹಿಂದಕ್ಕೆ ತೆಗೆದುಕೊಂಡ. ಮುಂದಿನ ಸಂದು ಬಂತು, ಲೋಟ ನುಡಿಯಿತು. ಅದರ ಮುಂದಿನದು ಬಂತು, ಲೋಟ ಎರಡು ಸಲ ನುಡಿದು ಸುಮ್ಮನಾಯಿತು. ಇನ್ನೊಂದಕ್ಕೆ ಆಕೆ ಏನೂ ಮಾಡಲಿಲ್ಲ. ಬೆರಳು ಮೇಲೆತ್ತಿ ಹಾಗೇ ಹಿಡಿದಳು. ಅದೇ ಸರಿ ಎಂದು ಲಾಜರ್ ಅಳುತ್ತಾ ತಲೆಯಾಡಿಸಿದ. ಆ ಜಾಗಗಳನ್ನು ಹೊತ್ತುಕೊಂಡು ಹದಿನೆಂಟು ವರ್ಷ ಬದುಕಿದ ನನಗೇ ಅವು ಯಾವ ಅಳತೆಯವು ಎಂದು ಗೊತ್ತಿರಲಿಲ್ಲ. ನಾನು ಸುತ್ತುತ್ತಾ ಹೋದೆ. ಇಪ್ಪತ್ತೆರಡು ನಿಮಿಷ, ಆಕೆ ಒಂದು ಪೆಟ್ಟನ್ನೂ ತಪ್ಪಿಸಲಿಲ್ಲ.