ನೆನೆಸಿ ಒಣಗಿಸಿದ ಸೀಲು

ಮಾವ ತೀರಿಕೊಂಡ ಮೇಲೆ ಅವರ ಹಳೆಯ ಮೋಟಾರ್ ಸೈಕಲ್ ಮೇಲೆ ಮಗನೂ ಅಳಿಯನೂ ಕಣ್ಣಿಟ್ಟರು. ಅತ್ತೆ ತೀರ್ಪು ಕೊಟ್ಟುಬಿಟ್ಟರು: "ಗಾಡಿ ಪೆಟ್ರೋಲ್ ಸೋರ್ತಿದೆ, ಮೊದಲು ಅಳಿಯಂದಿರು ರಿಪೇರಿ ಮಾಡಿ ಮನೇಲಿ ಇಟ್ಕೊಳ್ಳಲಿ. ಭಾನುವಾರ ಬರ್ತೀನಿ. ಪೆಟ್ರೋಲ್ ವಾಸನೆ ಬಂತೋ, ಗಾಡಿ ನನ್ನ ಮಗನಿಗೆ."

ಅತ್ತೆಯ ಮೂಗೆಂದರೆ ಪಕ್ಕದ ಬೀದಿಯಲ್ಲಿ ಹಾಲು ಉಕ್ಕಿದರೂ ಇಲ್ಲಿಂದಲೇ ಬೈಯುವಂಥದ್ದು.

ಅಳಿಯ ದರ್ಜಿ. ಅವನಿಗೆ ಗಾಡಿ ಬೇಕಾಗಿದ್ದದ್ದು ಹೆಂಡತಿಗಾಗಿ. ಅಪ್ಪನ ಗಾಡಿಯ ಮಾತು ಬಂದರೆ ಸಾಕು, ಅವಳ ಮುಖ ಇಸ್ತ್ರಿ ಮಾಡಿದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಭಾವಮೈದುನ ವರ್ಷವಿಡೀ ಆಡಿಕೊಳ್ಳುತ್ತಾನೆಂದು ಸುಮ್ಮನಿದ್ದ.

ಸೋರುತ್ತಿದ್ದದ್ದು ಕಾರ್ಬುರೇಟರಿನ ತಳದ ಬಟ್ಟಲು. ಅದರ ಅಂಚಿನ ಸಣ್ಣ ಕಾಲುವೆಯಲ್ಲಿ ಕೂರುವ ರಬ್ಬರ್ ಸೀಲು, ಎಥನಾಲ್ ಬೆರೆಸಿದ ಈಗಿನ ಪೆಟ್ರೋಲು ಕುಡಿದು ಊದಿಕೊಂಡು ಹೊರಗೆ ಇಣುಕುತ್ತಿತ್ತು. ದರ್ಜಿ ಅಂಗಡಿಗೆ ಹೋಗಿ ಸೀಲುಗಳನ್ನು ಒಂದೊಂದಾಗಿ ಬೆರಳಲ್ಲಿ ಉಜ್ಜಿ ನೋಡಿದ. "ವಿಟಾನ್ ರಬ್ಬರಿಂದು ತಗೊಳ್ಳಿ, ಊದಲ್ಲ" ಎಂದು ಅಂಗಡಿಯವನು ಕಂದು ಬಣ್ಣದ್ದೊಂದನ್ನು ಮುಂದಿಟ್ಟ. ಬಿರುಸಾಗಿತ್ತು. ಬೆಲೆ ಜಾಸ್ತಿ ಇರುವುದಕ್ಕೇ ಹೊಗಳುತ್ತಿದ್ದಾನೆಂದುಕೊಂಡು, ದರ್ಜಿ ರೇಷ್ಮೆಯ ಹಾಗೆ ಬಾಗುವ ಕರಿಯ ಸೀಲುಗಳನ್ನೇ ಆರಿಸಿದ.

ಊದುವ ಕಾಯಿಲೆಗೆ ಅವನ ಬಳಿ ಮದ್ದಿತ್ತು. ಹೊಸ ಬಟ್ಟೆಯನ್ನು ನೆನೆಸಿ, ಒಣಗಿಸಿ, ಆಮೇಲೆ ತಾನೇ ಕತ್ತರಿ ಹಾಕುವುದು? ಸೀಲುಗಳನ್ನು ಪೆಟ್ರೋಲಿನಲ್ಲಿ ನೆನೆಸಿ, ಹಿತ್ತಲ ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟ. ಒಣಗಿದ ಮೇಲೆ ಒಂದನ್ನು ಹಾಕಿದರೆ ಅಳತೆಗೆ ಸರಿಯಾಗಿ ಕೂತಿತು. ಮಾರನೆಯ ದಿನ ಬಟ್ಟಲು ಮತ್ತೆ ತೊಟ್ಟಿಕ್ಕಿತು. ನೆನೆಸಿದ್ದು ಸಾಲಲಿಲ್ಲವೇನೋ ಎಂದು ಇನ್ನೊಮ್ಮೆ ನೆನೆಸಿ ತಂತಿಗೆ ಹಾಕಿದ.

ಶುಕ್ರವಾರ ಬಂದ ಭಾವಮೈದುನ ತಂತಿಯನ್ನೇ ನೋಡುತ್ತ ನಿಂತ.

"ಭಾವ, ಇಲಿಮರಿಗಳಿಗೆ ಬನಿಯನ್ ಹೊಲಿದಿದ್ದೀರಾ?"

"ಕುಗ್ಗಿಸ್ತಾ ಇದ್ದೀನಿ ಕಣಯ್ಯ. ಪಂಪು ರಿಪೇರಿ ಮಾಡೋ ನಿನಗೆ ಇದೆಲ್ಲ ತಿಳಿಯಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಬಾರೇ ಇಲ್ಲಿ! ಅಲ್ಲ ಭಾವ, ಬಟ್ಟೆ ಒಂದು ಸಲ ಕುಗ್ಗಿದ್ರೆ ಮುಗೀತು. ಈ ರಬ್ಬರು ಕುಡುಕ! ನೆನ್ನೆ ಕುಡಿದಿದ್ದು ಇಳಿದ ಮಾತ್ರಕ್ಕೆ ಇವತ್ತು ಕುಡಿಯಲ್ವಾ?"

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡ. ಒಂದು ನಗೆಯ ಆಸೆಗೆ ಗಾಡಿಯ ಗುಟ್ಟನ್ನೇ ಬಿಟ್ಟುಕೊಟ್ಟಿದ್ದ.

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು ಗಂಡನಿಗೆ ಹೇಳಿದಳು: "ರೀ, ಅಂಗಡಿ ಮುಚ್ಚೋದ್ರೊಳಗೆ ಹೋಗಿ ಬನ್ನಿ."

ದರ್ಜಿ ಹೋಗಿ ಆ ಬಿರುಸು ಸೀಲನ್ನೇ ತಂದ. ಈ ಸಲ ಒಣಗಿಸಲಿಲ್ಲ. ರಾತ್ರಿಯಿಡೀ ನೆನೆದದ್ದನ್ನು ಹಸಿಹಸಿಯಾಗಿಯೇ ಕಾಲುವೆಗೆ ಇಟ್ಟು ನೋಡಿದ. ಅಳತೆ ಕದಲಿರಲಿಲ್ಲ.

ಭಾನುವಾರ ಅತ್ತೆ ಹೊಸ್ತಿಲು ದಾಟುತ್ತಲೇ ಮೂಗರಳಿಸಿದರು. "ಬರ್ತಿದೆ ವಾಸನೆ."

"ನಾನು ಹೇಳ್ಲಿಲ್ವಾ!" ಮಗ ಕೀಲಿ ತೆಗೆದುಕೊಳ್ಳಲು ಕೈ ಚಾಚಿದ.

ಅತ್ತೆ ಬಗ್ಗಿ ಬಟ್ಟಲಿನ ಅಡಿಯಲ್ಲಿ ಬೆರಳಾಡಿಸಿದರು. ಒಣಗಿತ್ತು. ಮೂಸಿದರು. ಏನೂ ಇಲ್ಲ. ಆಮೇಲೆ ನೆಟ್ಟಗೆ ನಿಂತು, ಅಳಿಯನ ಅಂಗಿಯ ತೋಳಿನ ಹತ್ತಿರ ಮೂಗು ತಂದರು.

"ಗಾಡಿಯದ್ದಲ್ಲ. ಅಳಿಯಂದಿರದ್ದು."

"ವಾಸನೆ ಅಂದ್ರೆ ವಾಸನೆ ಕಣಮ್ಮ, ಮಾತು ಮಾತೇ!"

"ಹಾಗಾದ್ರೆ ವಾಸನೆ ಬರೋದನ್ನ ನೀನು ಕರ್ಕೊಂಡು ಹೋಗು. ಗಾಡಿ ಇಲ್ಲೇ ಇರ್ಲಿ."

ಹೆಂಡತಿ ಗಂಡನ ಕೈಯಲ್ಲಿದ್ದ ಕೀಲಿಯನ್ನು ಕಿತ್ತುಕೊಂಡು ಸೋಪು ಕೊಟ್ಟಳು. "ಮೊದಲು ನೀವು ಸ್ನಾನ ಮಾಡಿ."

ದರ್ಜಿ ತಲೆಗೆ ನೊರೆ ಹಚ್ಚಿಕೊಂಡಿದ್ದಾಗ ಬೀದಿಯಲ್ಲಿ ಇಂಜಿನ್ನು ಗುಡುಗಿತು. "ಮೆಲ್ಲಗೆ ಕಣೇ, ಹಿಂದೆ ನಾನಿದ್ದೀನಿ!" ಎಂದು ಅತ್ತೆ ಕೂಗಿದ್ದು ಕೇಳಿಸಿತು. ಆ ಕೂಗಿನ ಮೇಲೆ ಹೆಂಡತಿಯ ನಗು. ಅವನು ಕಣ್ಣುರಿಯನ್ನೂ ಮರೆತು, ತಂಬಿಗೆ ಹಿಡಿದುಕೊಂಡೇ ಕಿವಿಗೊಟ್ಟ. ಗಾಡಿ ಎಲ್ಲೂ ಕೆಮ್ಮದೆ ತಿರುವಿನ ತನಕ ಹೋಯಿತು, ತಿರುವನ್ನೂ ದಾಟಿತು.