ಗುಂಡಿಗೆ ನೋಡುವ ಪೆಟ್ಟಿಗೆ

ನಾನೊಂದು ಎಕೋ ಯಂತ್ರ. ಮನುಷ್ಯರ ಎದೆಯೊಳಗೆ ಇಣುಕಿ ನೋಡುವುದೇ ನನ್ನ ಉದ್ಯೋಗ. ದೂರದ ದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಹಡಗು ಹತ್ತಿ ಬಂದು, ಹುಬ್ಬಳ್ಳಿಯ ಒಂದು ಆಸ್ಪತ್ರೆ ಸೇರಿದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬಡಿದುಕೊಳ್ಳುವ ಗುಂಡಿಗೆಗಳನ್ನೇ ನೋಡಿ ನೋಡಿ ನನಗೂ ಚಡಪಡಿಕೆ ಅಂಟಿಕೊಂಡಿತು. ಹೊಸ ಯಂತ್ರ ಬಂದ ದಿನವೇ ನನ್ನನ್ನು ಮೂಲೆಗೆ ತಳ್ಳಿದರು. ಸಿಟ್ಟು ಬಂತು, ಆದರೆ ಹೇಳುವುದು ಯಾರಿಗೆ?

ಆಗ ನನ್ನನ್ನು ಕೇಳಿ ಪಡೆದವರು ಡಾಕ್ಟರ್ ಶಾಹೀನ್. ಹೃದಯದ ಸ್ನಾಯು ದಪ್ಪವಾಗುವುದು ಉಪ್ಪಿನಿಂದಲೋ, ಬಿಪಿಯಿಂದಲೋ, ಮನೆತನದಿಂದಲೋ ಎಂದು ಅವರು ಸಂಶೋಧನೆ ನಡೆಸುತ್ತಿದ್ದರು. ನನ್ನನ್ನು ವ್ಯಾನಿಗೇರಿಸಿಕೊಂಡು ಗುಳೇದಗುಡ್ಡದ ನೇಕಾರರ ಓಣಿಗೆ ಹೊರಟರು. ದಾರಿಯ ಗುಂಡಿಗಳಿಗೆ ನನ್ನ ಮೈಯೆಲ್ಲ ಹಣ್ಣಾಯಿತು.

ಅಲ್ಲಿ ಬನಶಂಕ್ರೆವ್ವ ಎಂಬ ಖಣ ನೇಯುವ ಹೆಂಗಸು ಮಂಚದ ಮೇಲೆ ಮಲಗಿದಳು. ಅವಳ ಗುಂಡಿಗೆಯ ಎಡಗಡೆಯ ಗೋಡೆ ನೋಡಿ ನಾನು ಗಾಬರಿಯಾದೆ, ಅಷ್ಟು ದಪ್ಪ. ಬಿಪಿ ನೋಡಿದರೆ ಸರಿಯಾಗಿತ್ತು. ಮರುಸಲ ಹೋದಾಗಲೂ ಸರಿಯಾಗಿಯೇ ಇತ್ತು.

"ಹಿಂದ ಯಾವಾಗರ ಬಿಪಿ ಇತ್ತೇನವಾ?" ಎಂದರು ಡಾಕ್ಟರ್.

"ಇಲ್ರಿ ಬಾಯಾರ."

"ಹಂಗಾರ ಇದು ಮನೆತನದಿಂದ ಬಂದದ್ದಿರಬೇಕು. ಮಗಳಿಗೂ ಬರಬಹುದು. ಪೂರ್ತಿ ತಪಾಸಣೆ ಆಗೂತನಕ ಆಕಿ ಓಡೂದು ಬ್ಯಾಡ. ಓಡ್ತಾ ಓಡ್ತಾ ಬಿದ್ದುಬಿಟ್ರ ಏನ್ ಮಾಡ್ತಿ?"

ಮಗಳು ಶೈಲಾ ಜಿಲ್ಲೆಯ ಖೋಖೋ ತಂಡದವಳು. ಓಟವೇ ಅವಳ ಜೀವ. ಬನಶಂಕ್ರೆವ್ವನ ಮುಖ ಬಾಡಿಹೋಯಿತು. ನನಗೂ ತುಂಬ ಸಂಕಟವಾಯಿತು. ಗೋಡೆ ದಪ್ಪವಾಗಿದೆ ಎಂದು ತೋರಿಸಬಲ್ಲೆ, ಯಾಕೆ ದಪ್ಪವಾಯಿತೆಂದು ತೋರಿಸಲಾರೆ.

ಕೆಲವು ದಿನಗಳಲ್ಲೇ ಶೈಲಾ ಮಾತು ಕೇಳದೆ ಪಂದ್ಯಕ್ಕೆ ಹೊರಟಿದ್ದಾಳೆಂಬ ಸುದ್ದಿ ಬಂತು. ಡಾಕ್ಟರ್ ಈ ಸಲ ಮುಂಚೆ ತಿಳಿಸದೆ ನನ್ನನ್ನು ಹೊತ್ತುಕೊಂಡು ಓಡಿದರು. ತಂಡದ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹುಡುಗಿಯ ಎದೆ ನೋಡಿದೆ. ಗೋಡೆ ತೆಳ್ಳಗೆ, ಅಚ್ಚುಕಟ್ಟಾಗಿತ್ತು. ಆದರೂ ಡಾಕ್ಟರ್ ಮುಖ ಸಡಿಲಾಗಲಿಲ್ಲ. ಮನೆತನದ ಕಾಯಿಲೆಯಾದರೆ ಮುಂದೆಯೂ ಕಾಣಿಸಿಕೊಳ್ಳಬಹುದಲ್ಲ. ಯೋಚಿಸುತ್ತಲೇ ಅವರು ತಾಯಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಬಿಪಿ ವಿಪರೀತ ಏರಿತ್ತು. ಕೂರಿಸಿ, ನೀರು ಕುಡಿಸಿ, ಮತ್ತೆ ನೋಡಿದರೂ ಅಷ್ಟೇ.

"ಇದೇನವಾ ಇದು?"

"ನೀವು ಬರೋ ಸುದ್ದಿನ ಇರಲಿಲ್ಲಲ್ರಿ," ಎಂದಳು ಬನಶಂಕ್ರೆವ್ವ, ತಪ್ಪು ಡಾಕ್ಟರರದೇ ಎಂಬಂತೆ. "ಸುದ್ದಿ ಬಂದಿದ್ರ ಬಿಪಿ ಗುಳಗಿ ನುಂಗಿರತಿದ್ದೆ. ಎಂದೋ ದವಾಖಾನ್ಯಾಗ ಕೊಟ್ಟಿದ್ರು, ಕಡಿಮಿ ಆತಂತ ಬಿಟ್ಟಿದ್ದೆ. ನೀವು ಬರ್ತೀರಂದಾಗ ಮತ್ತ ತಗೋತೀನಿ. ಬೀಗರು ಬರ್ತಾರಂದ್ರ ಮನಿ ಸಾರಸಂಗಿಲ್ಲೇನ್ರಿ?"

ಡಾಕ್ಟರ್ ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಗ್ವಾಡಿ ದಪ್ಪ ಮಾಡಿದ್ದು ನಿನ್ನ ಬಿಪಿನ ಇರಬೇಕವಾ, ಮನೆತನ ಅಲ್ಲ. ಇನ್ನ ದಿನಾ ನುಂಗು. ಶೈಲಾ, ನೀ ನಡಿ. ಬಂದ ಮ್ಯಾಲ ಇನ್ನೊಮ್ಮೆ ನೋಡೋಣು." ಮಾತು ಮುಗಿಯುವ ಮೊದಲೇ ಹುಡುಗಿ ಬಸ್ಸಿನತ್ತ ಓಡಿದ್ದಳು. ಮುಂದಿನ ವರ್ಷಗಳಲ್ಲಿ ಅವಳೆದೆಯ ಗೋಡೆ ಹಾಗೇ ಉಳಿಯಿತು, ತಾಯಿಯದು ನಿಧಾನಕ್ಕೆ ತೆಳುವಾಯಿತು. ನನಗೆ ಅದಕ್ಕಿಂತ ಸುಖದ ದಿನಗಳು ಬರಲಿಲ್ಲ.

ಈಗ ಸಂಶೋಧನೆ ಮುಗಿದಿದೆ, ಆ ಓಣಿಗೆ ವ್ಯಾನು ಹೋಗುವುದಿಲ್ಲ. ನನ್ನ ಪರದೆಗೆ ಪೊರೆ ಬಂದಂತಾಗಿದೆ. ಆಸ್ಪತ್ರೆಯ ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಜೊತೆ ಬಿದ್ದುಕೊಂಡಿದ್ದೇನೆ. ಮುದಿತನಕ್ಕೆ ನೆಮ್ಮದಿ ಇರುತ್ತದಂತೆ, ನನಗಂತೂ ಇಲ್ಲ. ಬೆಳಗಾದರೆ ಒಂದೇ ಯೋಚನೆ. ಇವತ್ತೂ ಅವಳ ಮನೆಗೆ ಯಾರೂ ಬರುವ ಸುದ್ದಿಯಿಲ್ಲ. ಬನಶಂಕ್ರೆವ್ವ ಗುಳಿಗೆ ನುಂಗಿದಳೋ ಇಲ್ಲವೋ?