ರೇಡಿಯೋದ ಮಲತಾಯಿ

ಶಾಲೆಯಿಂದ ಫೋನ್ ಬಂತು. ‘ಮಗುವಿನ ತಂದೆ ಕೂಡಲೇ ಬರಬೇಕು’ ಎಂದರು. ತಂದೆ ರೈಲು ಓಡಿಸುವವನು, ಆ ಹೊತ್ತಿಗೆ ಎಲ್ಲೋ ಹಳಿಯ ಮೇಲಿದ್ದ. ಚಿಕ್ಕಮ್ಮನೇ ಚಪ್ಪಲಿ ಮೆಟ್ಟಿ ಹೊರಟಳು.

ಅವಳನ್ನು ಚಿಕ್ಕಮ್ಮ ಎಂದು ಕರೆಯುವವಳು ಒಬ್ಬಳೇ, ಗಂಡನ ಮೊದಲ ಹೆಂಡತಿಯ ಮಗಳು. ಹನ್ನೊಂದರ ಹುಡುಗಿ, ಮಾತಿನಲ್ಲಿ ಯಾರಿಗೂ ಬಗ್ಗುವವಳಲ್ಲ. ಇವಳು ಮನೆಗೆ ಬಂದ ಹೊಸದರಲ್ಲೇ, ‘ಅಮ್ಮ ಅಂತ ಕರೆಯಲ್ಲ, ಆ ಹೆಸರು ಒಬ್ರಿಗೆ ಕೊಟ್ಟಾಗಿದೆ’ ಎಂದಿದ್ದಳು. ‘ಬೇಡ ಬಿಡು. ಒದ್ದೆ ಟವೆಲ್ ಮಂಚದ ಮೇಲೆ ಎಸೀಬೇಡ, ಅಷ್ಟು ಸಾಕು’ ಎಂದು ಇವಳೂ ರಾಜಿಯಾಗಿದ್ದಳು. ಟವೆಲಿನ ಜಗಳ ಮಾತ್ರ ಇನ್ನೂ ಮುಗಿದಿರಲಿಲ್ಲ.

ಶಾಲೆಯ ಕೋಣೆಯ ಬಾಗಿಲಲ್ಲಿ ನಿಂತು, ‘ಒಳಗೆ ಬರ್ಲಾ?’ ಎಂದಳು. ಅಷ್ಟಕ್ಕೇ ಟೀಚರ್ ಬೆಚ್ಚಿ ತಲೆಯೆತ್ತಿದರು. ಆ ದನಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನದ ರೇಡಿಯೋ ಧಾರಾವಾಹಿಯಲ್ಲಿ ತಬ್ಬಲಿ ಮಗುವನ್ನು ಉಗ್ರಾಣದಲ್ಲಿ ಕೂಡಿಹಾಕುವ ಮಲತಾಯಿಯ ದನಿ ಅದು. ಚಿಕ್ಕಮ್ಮನದು ತುಸು ಒರಟು ಗಂಟಲು. ಅದಕ್ಕೆ ಅಂಥ ಪಾತ್ರಗಳೇ ಸಿಗುತ್ತಿದ್ದವು.

ಹುಡುಗಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಮೊಣಕೈಗೆ ಬ್ಯಾಂಡೇಜು.

‘ಸೈಕಲ್‌ನಿಂದ ಬಿದ್ದೆ ಅಂತಾಳೆ,’ ಟೀಚರ್ ತಡವರಿಸಿದರು. ‘ಆದ್ರೆ... ನೀವು ಸ್ವಂತ ತಾಯಿ ಅಲ್ವಲ್ಲ.’

‘ಸ್ವಂತ ತಾಯಿ ಆಗಿದ್ರೆ ಸೈಕಲ್ ಮಾತು ನಂಬ್ತಿದ್ರಾ?’

‘ಚಿಕ್ಕಮ್ಮ, ಎಷ್ಟು ಸಲ ಹೇಳಿದ್ರೂ ಟೀಚರ್ “ಹೆದರ್ಬೇಡ, ನಿಜ ಹೇಳು” ಅಂತಾರೆ,’ ಹುಡುಗಿ ಎದ್ದು ನಿಂತಳು. ‘ನಂಗೆ ನೆಟ್ಟಗೆ ಬೀಳೋಕೂ ಬಿಡಲ್ವಾ ಇವ್ರು?’

‘ಕೇಳೋದು ನಿಮ್ಮ ಕರ್ತವ್ಯ, ಬೇಡ ಅನ್ನಲ್ಲ,’ ಎಂದಳು ಚಿಕ್ಕಮ್ಮ. ‘ಉಳಿದ ಮಕ್ಕಳ ಮೊಣಕೈ ತರಚಿದ್ರೂ ಹೀಗೇ ಕೇಳ್ತೀರಾ?’

ಟೀಚರ್ ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸತೊಡಗಿದರು. ಚಿಕ್ಕಮ್ಮ ಹುಡುಗಿಯ ಚೀಲ ಎತ್ತಿಕೊಂಡಳು.

ಮನೆಯಲ್ಲಿ ಯಾರೂ ಇಲ್ಲದ್ದರಿಂದ ಹುಡುಗಿಯನ್ನೂ ಕರೆದುಕೊಂಡು ನೇರ ಸ್ಟುಡಿಯೋಗೆ ಹೋದಳು. ಮೈಕಿನ ಮುಂದೆ ಅಂದಿನ ಹಾಳೆಗಳು ಸಿದ್ಧವಾಗಿದ್ದವು. ಮಲತಾಯಿ ಮಗುವಿನ ಕೈ ತಿರುಚುತ್ತಾಳೆ, ಮಗು ಚೀರುತ್ತದೆ. ಚಿಕ್ಕಮ್ಮ ಓದಿ, ಹಾಳೆಗಳನ್ನು ಬೋರಲು ಹಾಕಿದಳು.

‘ಇದನ್ನ ನಾನು ಹೇಳಲ್ಲ ಸಾರ್.’

ಗಾಜಿನ ಆಚೆಯಿಂದ ಧಾರಾವಾಹಿ ಬರೆಯುವವನು ಒಳಗೆ ಬಂದ. ‘ಯಾಕೆ ಮೇಡಮ್? ಕೇಳುಗರು ಕಾಯ್ತಿದ್ದಾರೆ.’

‘ಯಾವತ್ತಾದ್ರೂ ಬೇರೆ ಥರ ಬರೆದಿದ್ದೀರಾ? ಹೆತ್ತಮ್ಮ ಅಂದ್ರೆ ಮೊದಲ ಕಂತಲ್ಲೇ ಕೆಮ್ಮಿ ಸಾಯ್ಬೇಕು. ಚಿಕ್ಕಪ್ಪ ಅಂದ್ರೆ ಆಸ್ತಿ ನುಂಗ್ಬೇಕು. ಮಲತಾಯಿ ಬಂದ್ಲು ಅಂದ್ರೆ ಬರೆ ಹಾಕ್ಬೇಕು. ಅಪ್ಪನಿಗೆ ಮಾತ್ರ ಏನೂ ಗೊತ್ತಾಗಲ್ಲ, ಪಾಪ, ದೇವರಂಥವನು! ಒಂದೇ ಮನೇಲಿ ಮಗು ಅಷ್ಟು ಚೀರ್ತಿದ್ರೆ ಅವ್ನೇನು ಕಡ್ಲೆಕಾಯಿ ತಿಂತಿದ್ನಾ?’

ಧ್ವನಿಮುದ್ರಣದವನು ಕಿಸಕ್ಕನೆ ನಕ್ಕ.

‘ಕಥೆ ಕಥೆ ಥರ ತಗೊಳ್ಳಿ ಮೇಡಮ್.’

‘ತಗೊಳ್ತಿದ್ದೆ. ಇವತ್ತು ಶಾಲೆಯವ್ರು ನಿಮ್ಮ ಕಥೇನ ನನ್ನ ಮನೆಗೆ ತಂದ್ರು. ಈ ಮಗೂನ ಕೂರಿಸ್ಕೊಂಡು, ನಿಂಗೆ ಹೊಡೀತಾಳಾ ಅಂತ ಕೇಳಿದ್ದಾರೆ.’

ಬರೆಯುವವನು ಹುಡುಗಿಯ ಬ್ಯಾಂಡೇಜು ನೋಡಿದ. ಮೆತ್ತಗಾದ. ಆಮೇಲೆ ಇದ್ದಕ್ಕಿದ್ದಂತೆ ಅವನ ಮುಖ ಅರಳಿತು.

‘ಸರಿ, ಬದಲಾಯಿಸೋಣ! ಮಗು ಲಾರಿಗೆ ಅಡ್ಡ ಬರುತ್ತೆ. ಮಲತಾಯಿ ಅದನ್ನ ಆಚೆ ತಳ್ಳಿ, ತಾನು ಚಕ್ರಕ್ಕೆ ಸಿಕ್ಕಿ ಸಾಯ್ತಾಳೆ. ಮಗು ಮೊದಲ ಸಲ “ಅಮ್ಮಾ” ಅನ್ನುತ್ತೆ. ಜನ ಗೋಳೋ ಅಂತ ಅಳ್ತಾರೆ ನೋಡಿ!’

ಚಿಕ್ಕಮ್ಮ ಹಾಳೆಗಳನ್ನು ಅವನ ಕೈಗೆ ತುರುಕಿದಳು.

‘ಬದುಕಿದ್ರೆ ರಾಕ್ಷಸಿ, ಸತ್ರೆ ದೇವತೆ. ಮಧ್ಯೆ ನೆಟ್ಟಗೆ ಸಂಸಾರ ಮಾಡ್ಕೊಂಡಿರೋಕೆ ನಮಗೆ ಜಾಗವೇ ಇಲ್ವಾ? ಹೆತ್ತವಳನ್ನೂ ಕೊಂದ್ರಿ, ಈಗ ನನ್ನನ್ನೂ ಕೊಲ್ತೀರಿ. ಆ ಮಗೂಗೆ ಗತಿ ಏನು ಅಂತ ಯೋಚಿಸಿದ್ದೀರಾ?’

‘ಅಪ್ಪ ಇದ್ದಾನಲ್ಲ...’

‘ಇದ್ದಾನೆ, ಏನೂ ಗೊತ್ತಿಲ್ದೆ!’

ಅಷ್ಟು ಹೇಳಿ, ಹುಡುಗಿಯ ಕೈ ಹಿಡಿದು ಹೊರಗೆ ನಡೆದಳು. ವಾರ ಕಳೆಯುವುದರೊಳಗೆ ಮಲತಾಯಿಗೆ ಬೇರೆ ದನಿ ಬಂತು. ಕೇಳುಗರು ಒಂದೆರಡು ದಿನ ಗೊಣಗಿ ಹೊಂದಿಕೊಂಡರು. ಇವಳಿಗೆ ಕಣ್ಣಾಸ್ಪತ್ರೆಯ ಜಾಹೀರಾತೊಂದು ಸಿಕ್ಕಿತು.

ಗಂಡ ರಜೆಯಲ್ಲಿ ಬಂದವನು ಎಲ್ಲವನ್ನೂ ಕೇಳಿ, ‘ಹೋಗ್ಲಿ ಬಿಡೇ, ತಲೆಗೆ ಹಚ್ಕೋಬೇಡ’ ಎಂದ.

‘ಬಿಡ್ತೀನಿ. ನಿಮ್ಮನ್ನ ಯಾವ ಕಥೆಯವನೂ ಬೈಯಲ್ವಲ್ಲ, ನಿಮಗೇನು!’

ಆ ಮಾತು ಅವನಿಗೆ ನಾಟಿತು. ಮರುದಿನ ತಾನೇ ಶಾಲೆಗೆ ಹೋದ. ಸೈಕಲ್ಲಿನ ವಿಷಯ, ಮನೆಯ ವಿಷಯ ಎಲ್ಲ ಬಿಡಿಸಿ ಹೇಳಿ ಬರುತ್ತೇನೆಂದು ಹೋದವನು ಸಂಜೆ ಅಡುಗೆಮನೆಯ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಂತ.

‘ಹೇಳಿದ್ರಾ?’

‘ಹೇಳ್ದೆ. ಎಲ್ಲಾ ಕೇಳಿಸ್ಕೊಂಡ್ರು. ಟೀ ಕೂಡ ತರಿಸಿದ್ರು.’

‘ಆಮೇಲೆ?’

‘ಆಮೇಲೆ...’ ಅವನು ಹುಡುಗಿಯ ಕಡೆ ನೋಡಿದ. ‘ಪಾಪ, ಒಬ್ಬರೇ ಆ ಮಗೂನ ಎಷ್ಟು ಕಷ್ಟಪಟ್ಟು ಸಾಕ್ತಿದ್ದೀರಿ ಅಂತ ಕಣ್ಣು ಒರೆಸ್ಕೊಂಡ್ರು.’

ಚಿಕ್ಕಮ್ಮ ಒಲೆ ಆರಿಸಿದಳು.

‘ನಾಳೆ ನಾನೂ ಬರ್ತೀನಿ,’ ಎಂದಳು. ‘ಮೂರೂ ಜನ ಹೋಗೋಣ.’